ಬಟ್ಟೆ ಸುತ್ತದ ಪುಸ್ತಕ

ಲಂಬಾಸಾ, ಫಿಜಿ

ಇಲ್ಲಿನ ಕೋರ್ಟಿನಲ್ಲಿ ನನ್ನ ಕೆಲಸ
ಪುಸ್ತಕ ಕೊಡುವುದು, ಪುಸ್ತಕ ವಾಪಸು ಇಸಿದುಕೊಳ್ಳುವುದು.
ಹತ್ತೊಂಬತ್ತು ವರ್ಷ.
ಕೆಂಪು ಬಟ್ಟೆಯಲ್ಲಿ ಸುತ್ತಿದ್ದು ಕೆಲವರಿಗೆ,
ಹಸಿರು ಬಟ್ಟೆಯದು ಕೆಲವರಿಗೆ. ಅದನ್ನು ಮುಟ್ಟುವ ಮುಂಚೆ
ಹಿತ್ತಲ ನಲ್ಲಿಯಲ್ಲಿ ಕೈ ತೊಳೆದು ಬರುತ್ತೇನೆ,
ಪಕ್ಕದ ಮನೆಯ ಜೈನುನ್ನಿಸಾ ಹೇಳಿಕೊಟ್ಟ ಹಾಗೆ.
ನಮ್ಮದಕ್ಕೆ ಬಟ್ಟೆಯಿಲ್ಲ.
ಕಪ್ಪು ರಟ್ಟು, ಸಾವಿರ ಹೆಬ್ಬೆರಳು ಉಜ್ಜಿ
ಬೂದಿಬಣ್ಣಕ್ಕೆ ತಿರುಗಿದ ಬೈಬಲ್.

ಭಾನುವಾರ ಪಾದ್ರಿ ಅದನ್ನೇ ಎತ್ತಿಹಿಡಿದು
ಇದೊಂದೇ ಬಂಡೆ, ಉಳಿದದ್ದೆಲ್ಲ ಮರಳು ಎನ್ನುತ್ತಾರೆ.
ಆಮೆನ್ ಎನ್ನುತ್ತೇನೆ. ಬಾಯಿಮಾತಿಗಲ್ಲ.
ಸೋಮವಾರ ಬೆಳಿಗ್ಗೆ ಅದೇ ನಾನು
ಮೂರನ್ನೂ ಒಂದೇ ಕಪಾಟಿನಿಂದ ತೆಗೆದು
ಒಂದೇ ಚಿಂದಿಯಿಂದ ಸಕ್ಕರೆ ಗಿರಣಿಯ ಮಸಿ ಒರೆಸುತ್ತೇನೆ.
ಕಬ್ಬು ಅರೆಯುವ ತಿಂಗಳಲ್ಲಿ ಮಸಿ ಎಲ್ಲದರ ಮೇಲೂ ಕೂರುತ್ತದೆ,
ಮ್ಯಾಜಿಸ್ಟ್ರೇಟರ ಚಹಾದ ಮೇಲೂ.

ಯಾವುದು ಹೆಚ್ಚು ಭಾರ, ಅಮ್ಮಾ?
ಎಂದಿದ್ದಳು ಮಗಳು, ಚಿಕ್ಕವಳಿದ್ದಾಗ.
ಹಸಿರಿನದು, ಎಂದೆ, ತೂಕದ ಮಾತೆಂದುಕೊಂಡು.
ಆ ರಾತ್ರಿ ನಿದ್ದೆ ಬರಲಿಲ್ಲ.

ಹೋದ ಆಗಸ್ಟಿನಲ್ಲಿ ಅಪೆನಿಸಾ ಬಂದ,
ದ್ರೆಕೆತಿ ಕಡೆಯ ಮರಗೆಲಸದವನು, ಎಪ್ಪತ್ತು ದಾಟಿದವನು,
ಇಸ್ತ್ರಿ ಹಾಕಿದ ಸುಲು ಸುತ್ತಿಕೊಂಡು.
ರಾತ್ರಿ ಹೊತ್ತು ಕಬ್ಬಿನ ಲಾರಿಯೊಂದು
ಅಂಗಮ್ಮನ ಎತ್ತನ್ನು ಕೊಂದಿತ್ತು.
ದೀಪ ಉರಿಯುತ್ತಿತ್ತೋ ಇಲ್ಲವೋ, ಅಷ್ಟೇ ಮೊಕದ್ದಮೆ.
ನೋಡಿದವನು ಇವನೊಬ್ಬ.
ಓಡಿಸಿದವನು ಇವನ ತಂಗಿಯ ಮಗ.
ನಮ್ಮಲ್ಲಿ ಸೋದರಳಿಯ ದೋಣಿ ಬೇಕೆಂದರೆ ದೋಣಿ,
ಹಂದಿ ಬೇಕೆಂದರೆ ಹಂದಿ.
ಮಾವನಾದವನು ಇಲ್ಲವೆನ್ನುವಂತಿಲ್ಲ.
ಈ ಹುಡುಗ ಕೇಳಿದ್ದು ಒಂದು ಮಾತು ಮಾತ್ರ.

ಬೈಬಲ್ ಚಾಚಿದೆ. ಅವನು ಮುಟ್ಟಲಿಲ್ಲ.
ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡ.
"ಕೆಂಪು ಬಟ್ಟೆಯದು ಕೊಡಿಸಲೇ?" ವಕೀಲರು ನಕ್ಕರು.
"ಬೇಡ. ಇದೇ ನನ್ನದು.
ಆಣೆ ಇಡಬೇಡ ಅಂತ ಇದರೊಳಗೇ ಇದೆ.
ಇದರ ಮಾತು ಮೀರುವುದಕ್ಕೆ
ಇದನ್ನೇ ಹಿಡಿದುಕೊಳ್ಳಲೇ?"

ಗಿರಣಿಯ ಸೀಟಿ ಕೂಗಿತು.
ನನ್ನ ಕೈ ಚಾಚಿದಲ್ಲೇ ಇತ್ತು, ನೋಯುತ್ತಿತ್ತು.
ಈ ಕೈ ಕಳ್ಳನಿಗೂ ಕೊಟ್ಟಿದೆ.
ಹೆಂಡತಿಯ ಹಲ್ಲು ಉದುರಿಸಿ
ಜಾರಿಬಿದ್ದಳು ಎಂದವನಿಗೂ ಕೊಟ್ಟಿದೆ;
ಅವನು ಮುತ್ತಿಟ್ಟು ಹಿಂದಿರುಗಿಸಿದ್ದ.

ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದರು, ಹಾಕಿಕೊಂಡರು.
ಕಾನೂನಿನಲ್ಲಿ ಅದಕ್ಕೂ ದಾರಿಯಿದೆ,
ಬರಿಗೈಯಲ್ಲೇ ಹೇಳಲಿ, ಅಂದರು.
ದೀಪ ಉರಿದಿತ್ತೇ?
ಇಲ್ಲ.
ಓಡಿಸಿದವನನ್ನು ಬಲ್ಲೆಯಾ?
ಹೌದು.
ಎರಡನೆಯ ಮಾತಿನ ಹೊತ್ತಿಗೆ ಅವನ ದನಿ
ಹಿಂಡಿ ಬಿಸಾಕಿದ ಕಬ್ಬಿನ ಸಿಪ್ಪೆ.

ಹೊರಗೆ ಅಂಗಮ್ಮ ಕೈಮುಗಿಯಲು ಹೋದಳು.
ಅವನು ನಿಲ್ಲಲಿಲ್ಲ, ಎರಡೂವರೆಯ ಬಸ್ಸು ಹತ್ತಿದ.
ಅದರ ಹಿಂದಿನ ಸೀಟಿನಲ್ಲಿ ಅವನ ತಂಗಿ ಕೂತಿದ್ದಳು.
ನಡುವೆ ಆರು ಸಾಲು ಖಾಲಿ.
ಆ ಬಸ್ಸಿಗೆ ದ್ರೆಕೆತಿ ಎಷ್ಟು ದೂರವೋ!

ಸಂಜೆ ಬೇಲಿಯ ಮೇಲಿಂದ ಶಾವಿಗೆ ಕೊಡುತ್ತ
ಜೈನುನ್ನಿಸಾ ಎಲ್ಲ ಕೇಳಿಸಿಕೊಂಡಳು.
ಎತ್ತಿನ ದುಡ್ಡು ಬರುತ್ತಾ? ಎಂದಳು.
ಬರುತ್ತೆ, ಎಂದೆ.
ಅವರ ಮನೆಯಲ್ಲಿ ನಮಾಜಿನ ಹೊತ್ತಾಯಿತು, ಒಳಗೆ ಹೋದಳು.

ನಾನು ಅವ್ವನ ಬೈಬಲ್ ತೆಗೆದೆ.
ಆ ಪುಟದಲ್ಲಿ ಮೇಲಿನ ಸಾಲಿಗೆ ಅವ್ವನ ಪೆನ್ಸಿಲ್ ಗೆರೆ ಇದೆ,
ಕೆಳಗಿನ ಸಾಲಿಗೂ ಇದೆ.
ಇದಕ್ಕಿಲ್ಲ.
ಅವಳೂ ದಾಟಿಕೊಂಡೇ ಹೋಗಿದ್ದಳು, ನನ್ನ ಹಾಗೆ,
ಎಡವದೆ, ಚರಂಡಿ ದಾಟುವವರ ಹಾಗೆ ಸೆರಗೆತ್ತಿ.

ಪೆನ್ಸಿಲ್ ಹುಡುಕಿದೆ. ಸಿಗಲಿಲ್ಲ.
ನಾಳೆ ಒಂಬತ್ತಕ್ಕೆ ನಾಲ್ಕು ಮೊಕದ್ದಮೆ.
ಕಪಾಟಿನ ಬೀಗದ ಕೈ
ನನ್ನ ಹತ್ತಿರವೇ ಇದೆ.